ಹಿಟ್ಟು ಬೆರೆಸದ ಹಬ್ಬದ ಸಾರು

ಕೊಳ್ಳೇಗಾಲದ ಸೀಮೆಯಲ್ಲಿ ಹಿಟ್ಟು ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೀಸುಕಲ್ಲಿನಿಂದ ಇಳಿದ ಪುಡಿಯೂ ಹಿಟ್ಟೇ. ಆ ಪುಡಿಯನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಕೋಲಿನಿಂದ ತೊಳಸಿ, ಕೈಯಲ್ಲಿ ಕಟ್ಟಿದ ರಾಗಿಯ ಮುದ್ದೆಯೂ ಹಿಟ್ಟೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆಂಬ ಗಾದೆಯಲ್ಲಿ ಹಿಟ್ಟೆಂದರೆ ಊಟವೇ ಆಗಿದೆ. ಈ ಹಿಟ್ಟಿಗೆ ಜೊತೆಯಾಗಿ ಬರುವುದು ಸಾರು. ಹಿಟ್ಟೂ ಸಾರೂ ಒಂದೇ ತಟ್ಟೆಯಲ್ಲಿ ಕೂಡುವುವು. ಒಂದೇ ಪಾತ್ರೆಯಲ್ಲಿ ಬೇಯುವುದಿಲ್ಲ. ಇದು ಬಹಳ ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಈ ಸೀಮೆಯ ಅಡಿಗೆಯ ಚರಿತ್ರೆಯೆಲ್ಲ ಇದರಲ್ಲಿ ಅಡಗಿದೆಯೆಂದು ನಾವು ತಿಳಿಯುತ್ತೇವೆ.

ಈ ವಿಷಯವನ್ನು ಈಗ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ನಡೆಸಿದ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿಗೂ ಮಿಕ್ಕ ಜನರಿಗೆ ಮಧುಮೇಹವಿದೆ. ಹಬ್ಬ ಬಂತೆಂದರೆ ಎಷ್ಟೋ ಮನೆಗಳಲ್ಲಿ ಹಿರಿಯರೊಬ್ಬರು ಪಂಕ್ತಿಯ ಕೊನೆಯಲ್ಲಿ ಕುಳಿತು, ಹೋಳಿಗೆಯನ್ನು ಬೇಡವೆಂದು, ಪಾಯಸವನ್ನು ಬೇಡವೆಂದು, ಕಡೆಗೆ ಮಂದವಾದ ಸಾರನ್ನೂ ಬೇಡವೆಂದು ಕೈ ಅಡ್ಡ ಹಿಡಿಯುವರು. ಸಾರಿನ ಮಂದವೆಲ್ಲ ಹಿಟ್ಟಿನದೆಂಬ ಅಂಜಿಕೆ ಅವರದು. ಹೋಟೆಲಿನ ‘ಗ್ರೇವಿ’ಯನ್ನು ನೋಡಿದವರಿಗೆ ಈ ಅಂಜಿಕೆ ಹುಟ್ಟುವುದು ಸಹಜ, ಅಲ್ಲಿ ಮೈದಾ ಹಿಟ್ಟನ್ನೋ ಜೋಳದ ಪಿಷ್ಟವನ್ನೋ ಕದಡಿ ಹೊಯ್ಯುವ ವಾಡಿಕೆಯುಂಟು. ಆದರೆ ಮನೆಯ ಹಬ್ಬದ ಸಾರಿಗೆ ಹಿಟ್ಟು ಬೇಕೇ? ಹಿಂದೆ ಬೇಕಾಗಿತ್ತೇ? ಈ ಪ್ರಶ್ನೆಗೆ ಕೊಳ್ಳೇಗಾಲ, ಹನೂರು, ಯಳಂದೂರುಗಳು ಕೊಡುವ ಉತ್ತರವನ್ನು ನೋಡೋಣ.

ಈ ಮೂರೂ ಈಗ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಹಿಂದೆ ಹೀಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಕೊಳ್ಳೇಗಾಲವು ಇಂಗ್ಲಿಷರ ಪಾಲಾಗಿ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರು ಆಗ ಕೊಳ್ಳೇಗಾಲದ ಒಳಗೇ ಇದ್ದ ಊರು. ಪ್ರತ್ಯೇಕ ತಾಲ್ಲೂಕಾದದ್ದು ತೀರ ಈಚೆಗೆ. ಯಳಂದೂರನ್ನಾದರೋ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಹೀಗೆ ಒಂದು ಹಗಲಿನ ದಾರಿಯಲ್ಲಿ ಮದರಾಸಿನ ಕಲೆಕ್ಟರರ ಸೀಮೆಯೂ ಮೈಸೂರಿನ ಜಹಗೀರೂ ಅಕ್ಕಪಕ್ಕದಲ್ಲಿದ್ದುವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲವು ಮತ್ತೆ ಕನ್ನಡ ನಾಡಿಗೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಹುಟ್ಟಿತು. ಕಂದಾಯವು ಎತ್ತ ಹೋದರೂ ಒಲೆಯ ಮೇಲಿನ ಸಾರಿನ ಹದ ಬದಲಾಗಲಿಲ್ಲ. ಅದನ್ನು ನಿರ್ಣಯಿಸಿದ್ದು ಸರಕಾರವಲ್ಲ, ನೆಲ ಮತ್ತು ಕಲ್ಲು.

ಕಲ್ಲೆಂದೆವು. ಹಳೆಯ ಮನೆಗಳಲ್ಲಿ ಎರಡು ಕಲ್ಲುಗಳು ಇದ್ದೇ ಇರುತ್ತಿದ್ದುವು. ಒಂದು ಬೀಸುಕಲ್ಲು; ಇನ್ನೊಂದು ಒರಳು. ಬೀಸುಕಲ್ಲು ಒಣಧಾನ್ಯದ್ದು. ಬೆಳಗಿನ ಜಾವ ಹೆಂಗಸರು ಪದ ಹೇಳುತ್ತ ರಾಗಿ ಬೀಸುತ್ತಿದ್ದುದು ಅದರಲ್ಲಿ. ಮಲೆಯ ಮಹದೇಶ್ವರನೇ ಮಠದಲ್ಲಿ ರಾಗಿ ಬೀಸಿದನೆಂದು ದೇವರಗುಡ್ಡರು ಹಾಡುವ ಕಥೆಯಲ್ಲಿ ಬರುತ್ತದೆ. ಒರಳಾದರೋ ಹಸಿಯ ಪದಾರ್ಥಕ್ಕೆ, ನೆನೆದದ್ದಕ್ಕೆ, ಹುರಿದು ನೀರು ಚಿಮುಕಿಸಿದ್ದಕ್ಕೆ. ಬೀಸುಕಲ್ಲಿನಿಂದ ಮುದ್ದೆ ಹುಟ್ಟಿತು. ಒರಳಿನಿಂದ ಸಾರು ಹುಟ್ಟಿತು. ಸಾರು ತೆಳ್ಳಗಾದರೆ ಗೃಹಿಣಿಯು ಹಿಟ್ಟಿನ ಮಡಕೆಯ ಕಡೆಗೆ ನೋಡುತ್ತಿರಲಿಲ್ಲ. ಒರಳಿನ ಕಡೆಗೆ ನೋಡುತ್ತಿದ್ದಳು.

ಈ ವಿಂಗಡಣೆ ಹೊಸದಲ್ಲ. ಕನ್ನಡದಲ್ಲಿ ಅಡಿಗೆಯ ಬರವಣಿಗೆ ಬಹು ಹಿಂದೆಯೇ ಆರಂಭವಾಯಿತು. 11ನೆಯ ಶತಮಾನದ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಪಾಕಕ್ಕೆಂದು ಅಧ್ಯಾಯವನ್ನು ಮೀಸಲಿಟ್ಟನು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬ ಭಾಗವನ್ನಿಟ್ಟು, ಮಾಂಸದ ಅಡಿಗೆಗಳನ್ನೂ ವಿಸ್ತರಿಸಿದನು. 16ನೆಯ ಶತಮಾನದ ಆದಿಯಲ್ಲಿ ಮೈಸೂರು ಸೀಮೆಯವನೇ ಆದ ಕಲ್ಲಹಳ್ಳಿಯ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ಬರೆದನು. ಅವನು ಜೈನ, ಮಾಂಸದ ಮಾತಿಲ್ಲ. ಆದರೆ ಹಿಟ್ಟಿನ ಭಕ್ಷ್ಯಗಳಿಗೆ ಪಿಷ್ಟಪಾಕವೆಂದು ಬೇರೆಯೇ ಅಧ್ಯಾಯವಿದೆ. ಕಾಯಿಪಲ್ಯಗಳ ಪಾಕ ಬೇರೆ. ಗ್ರಂಥದ ಅಧ್ಯಾಯಗಳಲ್ಲಿ ಕಾಣುವ ಈ ಭೇದವೇ ಮನೆಯಲ್ಲಿ ಎರಡು ಕಲ್ಲುಗಳ ಭೇದವಾಗಿ ನಿಂತಿತೆಂದರೆ ಅತಿಶಯೋಕ್ತಿಯಾಗದು.

ಇಂಗ್ಲಿಷರ ಗ್ರೇವಿಯ ವಂಶವನ್ನು ಕೆದಕಿದರೆ ಅಲ್ಲಿಯೂ ಒಂದು ಸ್ವಾರಸ್ಯವಿದೆ. ಕೊಬ್ಬಿನಲ್ಲಿ ಗೋದಿಹಿಟ್ಟನ್ನು ಹುರಿದು ರಸಕ್ಕೆ ಮಂದ ಕೊಡುವ ಕ್ರಮವು ಯೂರೋಪಿನಲ್ಲಿ ಅನಾದಿಯಾದುದಲ್ಲ. 1651ರಲ್ಲಿ ಅಚ್ಚಾದ ಲಾ ವರೆನ್ ಎಂಬ ಫ್ರೆಂಚ್ ಬಾಣಸಿಗನ ಪುಸ್ತಕದಿಂದ ಅದಕ್ಕೆ ಪ್ರಸಿದ್ಧಿ ಬಂದಿತು. ಅದಕ್ಕೆ ಮೊದಲಿನ ಶತಮಾನಗಳಲ್ಲಿ ಅಲ್ಲಿನ ಅರಮನೆಗಳ ಅಡಿಗೆಯವರು ರೊಟ್ಟಿಯ ಚೂರುಗಳನ್ನೂ ಅರೆದ ಬಾದಾಮಿಯನ್ನೂ ಹಾಕುತ್ತಿದ್ದರು. ಬಾದಾಮಿಯನ್ನು ಅರೆದು ಹಾಕಿದ ಅಡಿಗೆಯವನಿಗೂ, ತೆಂಗನ್ನು ರುಬ್ಬಿ ಹಾಕಿದ ನಮ್ಮ ಗೃಹಿಣಿಗೂ ಉಪಾಯ ಒಂದೇ. ಎಣ್ಣೆಯುಳ್ಳ ಬೀಜವನ್ನು ನುಣ್ಣಗೆ ಮಾಡಿದರೆ ಅದು ನೀರನ್ನು ಹಿಡಿದು ನಿಲ್ಲಿಸುವುದು. ಯೂರೋಪು ಈ ಮಾರ್ಗದಿಂದ ಹಿಟ್ಟಿನ ಕಡೆಗೆ ಹೊರಳಿತು. ಕೊಳ್ಳೇಗಾಲದ ಸೀಮೆ ಹೊರಳಲಿಲ್ಲ.

ಇಲ್ಲಿ ಮಂದ ಕೊಟ್ಟ ಪದಾರ್ಥಗಳು ಯಾವುವು? ನೀರಿನ ಜಾಡು ಹಿಡಿದು ಹೋದರೆ ಉತ್ತರ ಸಿಕ್ಕುವುದು. ಯಳಂದೂರಿನ ಪಕ್ಕದಲ್ಲಿ ಹರಿಯುವ ಸುವರ್ಣಾವತಿಯನ್ನು ಜನ ಹೊನ್ನುಹೊಳೆ ಎನ್ನುವರು. ಅದರ ಕಾಲುವೆಗಳ ಕೆಳಗೆ ಗದ್ದೆ, ತೆಂಗು. ಕೊಳ್ಳೇಗಾಲದ ಉತ್ತರಕ್ಕೆ ಕಾವೇರಿ. ಸತ್ತೇಗಾಲ, ಶಿವನಸಮುದ್ರಗಳ ಕಡೆಗೂ ನೀರಿನ ಬೇಸಾಯ. ಅಲ್ಲಿ ಸಾರಿಗೆ ಮಂದ ಕೊಡುವುದು ತೆಂಗಿನಕಾಯಿ. ಹನೂರಿನತ್ತ ಹೊರಟರೆ ಭೂಮಿ ಒಣಗುತ್ತ ಬರುವುದು. ಬೆಟ್ಟ ಏರುತ್ತ ಬರುವುದು. ಅದು ರಾಗಿಯ ಹೊಲ, ಅದರ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಹೊಲ. ಅಲ್ಲಿ ತೆಂಗಿನಕಾಯಿ ಹಬ್ಬಕ್ಕೆ ಕೊಂಡು ತರುವ ವಸ್ತು. ಮಂದ ಕೊಡುವುದು ಹುಚ್ಚೆಳ್ಳು, ಎಳ್ಳು, ಬೆಂದ ಕಾಳು, ಮಸೆದ ಸೊಪ್ಪು.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈಸ್ಟ್ ಇಂಡಿಯಾ ಕಂಪೆನಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿ, ಕೊಳ್ಳೇಗಾಲ, ಹನೂರುಗಳ ಮಾರ್ಗವಾಗಿ ಕಾವೇರಿಪುರದ ಕಣಿವೆಗೆ ಇಳಿದನು. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಮೈಸೂರು ಸೀಮೆಯ ಬೆದ್ದಲು ಬೆಳೆಗಳ ನಡುವೆ ಹುಚ್ಚೆಳ್ಳಿನ ಹೆಸರೂ ಬರುತ್ತದೆ. ಈ ಹುಚ್ಚೆಳ್ಳು ಆಫ್ರಿಕದ ಇಥಿಯೋಪಿಯದ ಎತ್ತರದ ನೆಲದಲ್ಲಿ ಹುಟ್ಟಿ, ಬಹು ಹಿಂದೆಯೇ ನಮ್ಮ ನಾಡಿಗೆ ಬಂದ ಬೆಳೆ. ಕಪ್ಪಗೆ, ಸಣ್ಣಗೆ, ಹೊಳೆಯುವ ಬೀಜ. ಅದರ ತೂಕದಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಎಣ್ಣೆ. ಐದರಲ್ಲೊಂದು ಪಾಲಿನಷ್ಟು ಸಸಾರಜನಕ. ರಾಗಿಯ ಹಸುರಿನ ನಡುವೆ ಅದರ ಹಳದಿ ಹೂವು ಅರಳಿದಾಗ ಹೊಲವೆಲ್ಲ ಬೆಳಗುವುದು. ಮಾದಪ್ಪನ ಪದಗಳಲ್ಲಿ ಆ ಹೂವು ಉಪಮಾನವಾಗಿಯೇ ನಿಂತಿದೆ. ಒಂದೇ ಹೊಲದಲ್ಲಿ ಒಂದು ಸಾಲು ಹಿಟ್ಟಿಗೆ, ಒಂದು ಸಾಲು ಸಾರಿಗೆ: ಬೇಸಾಯಗಾರನು ಊಟದ ತಟ್ಟೆಯನ್ನು ನೆಲದ ಮೇಲೆಯೇ ಬಿತ್ತುತ್ತಿದ್ದನೆನ್ನಬೇಕು.

ಇನ್ನು ಸೊಪ್ಪು. ಗಣಿಕೆ, ಅಣ್ಣೆ, ಹೊನಗೊನ್ನೆ, ದಂಟು, ನುಗ್ಗೆ ಮೊದಲಾದುವುಗಳನ್ನು ಕೂಡಿಸಿ ಬೆರಕೆ ಸೊಪ್ಪೆನ್ನುವರು. ಹೊಲದ ಬದುವಿನಲ್ಲಿ ಬಿತ್ತದೆ ಬೆಳೆದುದನ್ನು ಮಡಿಲಿಗೆ ಆಯ್ದು ತಂದು, ಬೇಯಿಸಿ, ಮಸೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಮಸ್ಸೊಪ್ಪಾಗುವುದು. ಬೇಯಿಸಿದ ನೀರನ್ನು ಬಸಿದು, ಬೆಂದ ಸೊಪ್ಪಿನ ಮತ್ತು ಕಾಳಿನ ಒಂದು ಹಿಡಿಯನ್ನು ಕಾಯಿ ಖಾರದೊಡನೆ ರುಬ್ಬಿ ಅದೇ ನೀರಿಗೆ ಕದಡಿದರೆ ಬಸ್ಸಾರಾಗುವುದು. ಇಲ್ಲಿಯೂ ಹಿಟ್ಟಿನ ಕೆಲಸವಿಲ್ಲ. 1876ರಿಂದ 78ರ ವರೆಗೆ ಮದರಾಸು ಆಧಿಪತ್ಯವನ್ನೂ ಮೈಸೂರನ್ನೂ ಸುಟ್ಟ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಹಗೇವುಗಳು ಬರಿದಾದುವು. ಅಂಥ ನೆಲದಲ್ಲಿ ಒಂದು ಹಿಡಿ ಹಿಟ್ಟಿಗೆ ಇದ್ದ ಬೆಲೆಯನ್ನು ಊಹಿಸಿದರೆ, ಅದನ್ನು ಸಾರಿಗೆ ಕದಡುವ ಯೋಚನೆಯೇ ಏಕೆ ಬರಲಿಲ್ಲವೆಂಬುದು ಅರ್ಥವಾಗುವುದು. ಹಿಟ್ಟು ಮುದ್ದೆಯಾಗಿ ಹೊಟ್ಟೆ ತುಂಬಬೇಕು. ಸಾರಿನ ಮಂದಕ್ಕೆ ಬೇರೆ ದಾರಿಯಿದೆ.

ಹಬ್ಬದ ದಿನಗಳಲ್ಲಿ ಈ ಕ್ರಮ ಇನ್ನೂ ಸ್ಪಷ್ಟವಾಗಿ ಕಾಣುವುದು. ಯುಗಾದಿಯ ದಿನ ಹೋಳಿಗೆ. ಹೂರಣಕ್ಕೆಂದು ಬೇಯಿಸಿದ ಬೇಳೆಯ ನೀರನ್ನು, ಅಂದರೆ ಕಟ್ಟನ್ನು, ಚೆಲ್ಲದೆ ಅದರಿಂದಲೇ ಹೋಳಿಗೆ ಸಾರನ್ನು ಮಾಡುವರು. ಬೇಳೆಯಿಂದ ಇಳಿದ ಸಾರವೇ ಅದಕ್ಕೆ ಮೈ ಕೊಡುವುದು. ಮರುದಿನ ವರ್ಷತೊಡಕು. ಮಾಂಸಾಹಾರಿಗಳ ಮನೆಗಳಲ್ಲಿ ಅಂದು ಬಾಡೂಟ. ಕಾಯಿ, ಗಸಗಸೆ, ಈರುಳ್ಳಿ, ಕೊತ್ತಂಬರಿ ಬೀಜಗಳನ್ನು ರುಬ್ಬುವ ಸದ್ದು ಬೀದಿಯುದ್ದಕ್ಕೂ ಕೇಳುತ್ತಿದ್ದ ದಿನ. ಹನೂರು ತಾಲ್ಲೂಕಿನಲ್ಲಿ ಎರಡು ದೊಡ್ಡ ಕ್ಷೇತ್ರಗಳುಂಟು. ಮಲೆಯ ಮಹದೇಶ್ವರನ ಬೆಟ್ಟದಲ್ಲಿ ಅಮಾವಾಸ್ಯೆಗೆ ಎಣ್ಣೆಮಜ್ಜನದ ಸೇವೆ; ಅಲ್ಲಿಯ ಪ್ರಸಾದದಲ್ಲಿ ಮಾಂಸವಿಲ್ಲ. ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಜಾತ್ರೆಯಾದರೋ ಪುಷ್ಯದ ಹುಣ್ಣಿಮೆಗೆ ಚಂದ್ರಮಂಡಲದಿಂದ ಮೊದಲಾಗಿ ಐದು ದಿನ ನಡೆಯುವುದು; ಅದರಲ್ಲಿ ಪಂಕ್ತಿಸೇವೆಯ ದಿನ ಭಕ್ತರು ಬಿಡಾರಗಳಲ್ಲಿ ಬಾಡಿನ ಅಡಿಗೆ ಮಾಡಿ, ಜಾತಿಯನ್ನೆಣಿಸದೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವರು. ಈಚಿನ ವರುಷಗಳಲ್ಲಿ 1959ರ ಪ್ರಾಣಿಬಲಿ ನಿಷೇಧದ ಕಾಯಿದೆಯ ಸಂಬಂಧವಾಗಿ ಇಲ್ಲಿ ವಿವಾದವೂ ಎದ್ದಿದೆ. ಅದು ಹೇಗಾದರೂ ಇರಲಿ. ಬೆಟ್ಟದ ಸೊಪ್ಪುಸಾರಿಗೂ ಚಿಕ್ಕಲ್ಲೂರಿನ ಬಾಡುಸಾರಿಗೂ ರುಬ್ಬುವ ಕ್ರಮದಲ್ಲಿ ಭೇದವಿಲ್ಲ.

ಹಾಗಾದರೆ ಹಿಟ್ಟು ಸಾರಿನೊಳಕ್ಕೆ ನುಸುಳಿದುದು ಯಾವಾಗ? ಮೊದಲ ಬಾಗಿಲು ಹುರಿಗಡಲೆಯದು. ಕಾಯಿ ತುಟ್ಟಿಯಾದಾಗ, ನೆಂಟರು ಹೆಚ್ಚಾದಾಗ, ಎರಡು ಹಿಡಿ ಹುರಿಗಡಲೆ ರುಬ್ಬಿದರೆ ಸಾರು ಬೇಗ ಗಟ್ಟಿಯಾಗುವುದು. ಇದು ನಮ್ಮ ಅಡಿಗೆಗೆ ಹೊಂದಿಕೊಂಡ ವಸ್ತುವೇ ಸರಿ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪಿಷ್ಟಾದಿಗಳು. ಎರಡನೆಯ ಬಾಗಿಲು ಗೋದಿಯದು. ಗೋದಿ ಈ ಸೀಮೆಯ ಮುಖ್ಯ ಬೆಳೆಯಲ್ಲ. 1956ರ ಆಗಸ್ಟಿನಲ್ಲಿ ಅಮೆರಿಕದೊಡನೆ ಆದ ಧಾನ್ಯದ ಒಪ್ಪಂದದ ತರುವಾಯ ಹಡಗುಗಟ್ಟಲೆ ಗೋದಿ ನಮ್ಮ ದೇಶಕ್ಕೆ ಬಂದಿತು. ಅನ್ನ ರಾಗಿಗಳ ನಾಡಿನಲ್ಲಿಯೂ ಅದರ ಬಳಕೆ ಬೆಳೆಯಿತು. ಮೂರನೆಯದು ಪೊಟ್ಟಣದ ಮಸಾಲೆಪುಡಿ. ಅದರಲ್ಲಿ ಖಾರವುಂಟು, ಪರಿಮಳವುಂಟು; ಒರಳಿನಿಂದ ಬರುತ್ತಿದ್ದ ಮೈ ಇಲ್ಲ. ರುಬ್ಬುವುದು ನಿಂತಲ್ಲಿ ಮೈಯನ್ನು ಬೇರೆ ಕಡೆಯಿಂದ ತರಬೇಕಾಯಿತು. ಹೋಟೆಲು ತೋರಿಸಿದ ಹಿಟ್ಟು ಕೈಗೆ ಹತ್ತಿರವಿತ್ತು. ಮಿಕ್ಸಿ ಬಂದು ರುಬ್ಬುವ ಕೆಲಸ ಎಳೆಯ ಮಗುವಿನ ಆಟವಾದ ಕಾಲದಲ್ಲಿಯೇ ರುಬ್ಬುವ ಅಭ್ಯಾಸ ತಪ್ಪಿತೆಂಬುದು ವಿಚಿತ್ರ.

ಎರಡು ವಿಧದ ಮಂದಕ್ಕೂ ಇರುವ ಭೇದವನ್ನು ಸ್ವಲ್ಪ ತಿಳಿಯಬೇಕು. ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು 60 ಡಿಗ್ರಿ ಸೆಂಟಿಗ್ರೇಡು ದಾಟುತ್ತಿದ್ದಂತೆ ನೀರು ಕುಡಿದು ಊದಿಕೊಳ್ಳುವುವು. ಸಾರು ಅಂಟಂಟಾಗಿ ಗಟ್ಟಿಯಾಗುವುದು. ಆರಿದರೆ ಇನ್ನೂ ಹೆಪ್ಪುಗಟ್ಟುವುದು. ರುಬ್ಬಿದ ಬೀಜದಲ್ಲಿ ಹೀಗಲ್ಲ. ಅಲ್ಲಿ ಎಣ್ಣೆಯ ಹನಿಗಳೂ ನಾರೂ ಸಸಾರಜನಕವೂ ಸೂಕ್ಷ್ಮವಾಗಿ ಒಡೆದು ನೀರಿನಲ್ಲಿ ತೇಲಿ ನಿಲ್ಲುವುವು. ಎಷ್ಟು ನುಣ್ಣಗೆ ಅರೆದರೆ ಅಷ್ಟು ಮಂದ. ಹೆಚ್ಚು ಉರಿಯಲ್ಲಿ ಕೊತಕೊತನೆ ಕುದಿಸಿದರೆ ಎಣ್ಣೆ ಬಿಟ್ಟುಕೊಂಡು ಸಾರು ಒಡೆಯುವುದು. ಆದುದರಿಂದಲೇ ಕಾಯಿ ಹಾಕಿದ ಮೇಲೆ ಉರಿ ತಗ್ಗಿಸಬೇಕೆಂದು ಹಿರಿಯರು ಹೇಳುತ್ತಿದ್ದುದು.

ಆರು ಜನರ ಬಾಡುಸಾರಿನ ಕ್ರಮವನ್ನು ಹೇಳುತ್ತೇವೆ. ಒಂದು ಕಿಲೋ ಮಾಂಸವನ್ನು ಅರಿಸಿನ, ಉಪ್ಪು ಹಾಕಿ ಮೆತ್ತಗೆ ಬೇಯಿಸಿ, ಬೆಂದ ನೀರನ್ನು ಚೆಲ್ಲದೆ ಇಟ್ಟುಕೊಳ್ಳಬೇಕು. 20 ಗ್ರಾಂ ಗಸಗಸೆಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಬೇಕು. 25 ಗ್ರಾಂ ಕೊತ್ತಂಬರಿ ಬೀಜ, ಹತ್ತು ಹನ್ನೆರಡು ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಕಾಳುಮೆಣಸುಗಳನ್ನು ಪರಿಮಳ ಬರುವವರೆಗೆ ಹುರಿದು ತೆಗೆದಿಟ್ಟು, ಅದೇ ಬಾಣಲೆಯಲ್ಲಿ 250 ಗ್ರಾಂ ಈರುಳ್ಳಿಯನ್ನು ಶುಂಠಿ, ಬೆಳ್ಳುಳ್ಳಿಗಳೊಡನೆ ಕೆಂಪಗೆ ಬಾಡಿಸಬೇಕು. ಮೊದಲು ಗಸಗಸೆಯನ್ನೂ 100 ಗ್ರಾಂ ತೆಂಗಿನ ತುರಿಯನ್ನೂ ಬೆಣ್ಣೆಯಂತೆ ಅರೆದು ಬೇರೆ ಇಡಬೇಕು. ಆಮೇಲೆ ಹುರಿದುದನ್ನೆಲ್ಲ ನುಣ್ಣಗೆ ರುಬ್ಬಬೇಕು. ಹುರಿದ ಮಸಾಲೆಯನ್ನು ಮಾಂಸಕ್ಕೆ ಸೇರಿಸಿ, ಮುಚ್ಚಳ ತೆಗೆದು ಇಪ್ಪತ್ತು ನಿಮಿಷ ಕುದಿಸಿದರೆ ನೀರು ಇಂಗುವುದು. ಕೊನೆಯ ಹತ್ತು ನಿಮಿಷವಿರುವಾಗ ಕಾಯಿ ಗಸಗಸೆಯ ಅರಪನ್ನು ಹಾಕಿ ಸಣ್ಣ ಉರಿಯಲ್ಲಿಡಬೇಕು. ಇಳಿಸಿ ಕಾಲು ಗಂಟೆ ಬಿಟ್ಟರೆ ಹದ ತಾನಾಗಿ ಕೂಡಿಬರುವುದು. ಮಾಂಸ ತಿನ್ನದವರು ಬದನೆ ಅವರೆಗಳಿಗೆ ಇದನ್ನೇ ಮಾಡಬಹುದು. ಆಗ ಗಸಗಸೆಗೆ ಬದಲು, ಚಟಚಟನೆ ಸಿಡಿಯುವಂತೆ ಹುರಿದು ಪುಡಿಮಾಡಿದ ಎರಡು ಚಮಚ ಹುಚ್ಚೆಳ್ಳು. ಸಾರು ಕಪ್ಪಾಗುವುದು, ಉಂಡವರು ಬಣ್ಣವನ್ನು ಮರೆಯುವರು.

ಇನ್ನು ಲೆಕ್ಕ. ಮೇಲೆ ಹೇಳಿದ ಈರುಳ್ಳಿ, ಕಾಯಿ, ಗಸಗಸೆಗಳಲ್ಲಿ ಮೈಗೆ ಸಕ್ಕರೆಯಾಗಿ ಒದಗುವ ಅಂಶ ಒಟ್ಟು ಸುಮಾರು 30 ಗ್ರಾಂ, ಹೆಚ್ಚಿನದು ಈರುಳ್ಳಿಯದು. ಆರು ಜನಕ್ಕೆ ಹಂಚಿದರೆ ತಲೆಗೆ 5 ಗ್ರಾಂ. ಇದಕ್ಕೆ 30 ಗ್ರಾಂ ಮೈದಾ ಕದಡಿದರೆ ತಲೆಗೆ ಇನ್ನೂ ಮೂರು ನಾಲ್ಕು ಗ್ರಾಂ ಏರುವುದು. ಹಿಟ್ಟು ಬಿಟ್ಟುದರಿಂದ ಉಳಿತಾಯವಾದುದು ಇಷ್ಟೇ. ಆದರೆ ಪಕ್ಕದಲ್ಲಿರುವ ಮುದ್ದೆಯನ್ನು ನೋಡಿ: 100 ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆಯಲ್ಲಿ ಅದೇ ಅಂಶ ಸುಮಾರು 70 ಗ್ರಾಂ. ಅನ್ನಕ್ಕೂ ಇದೇ ಮಾತು. ಸಾರಿಗೆ ಕೈ ಅಡ್ಡ ಹಿಡಿದು, ಎರಡನೆಯ ಮುದ್ದೆಗೆ ತಟ್ಟೆ ಒಡ್ಡುವವರು ತಪ್ಪಿತಸ್ಥನನ್ನು ಬಿಟ್ಟು ಸಾಕ್ಷಿಯನ್ನು ಹಿಡಿದಂತಾಯಿತು.

ಇಲ್ಲಿಯೇ ಚರಿತ್ರೆಯ ಮಾತನ್ನು ಸರಿಯಾಗಿ ಓದಿಕೊಳ್ಳಬೇಕು. ನಮ್ಮ ಹಿರಿಯರು ಸಾರಿಗೆ ಹಿಟ್ಟು ಹಾಕಲಿಲ್ಲವೆಂದು ಅವರ ಊಟದಲ್ಲಿ ಹಿಟ್ಟು ಕಡಿಮೆಯಿತ್ತೆಂದು ಹೇಳಲಾಗದು. ಇದ್ದ ಹಿಟ್ಟೆಲ್ಲ ಮುದ್ದೆಯಲ್ಲಿತ್ತು; ಹೊತ್ತು ಮೂಡುವ ಮೊದಲೇ ಹೊಲಕ್ಕಿಳಿದು ಸಂಜೆಯವರೆಗೆ ದುಡಿದ ಮೈಗೆ ಅದು ಬೇಕಾಗಿತ್ತು. ಈಗ ಮೇಜಿನ ಮುಂದೆ ಕುಳಿತು ದಿನ ಕಳೆಯುವ ನಮ್ಮಂಥವರಿಗೆ ಆ ಮುದ್ದೆಯ ಗಾತ್ರ ಒಗ್ಗದು. ಬದಲಾಗಬೇಕಾದುದು ಮುದ್ದೆ, ಸಾರಲ್ಲ. ಎಣ್ಣೆಬೀಜವೂ ಸೊಪ್ಪೂ ಮಾಂಸವೂ ಸೇರಿದ ಸಾರು ಹೊಟ್ಟೆಯನ್ನು ಬಹುಕಾಲ ಹಿಡಿಯುವುದರಿಂದ ಅರ್ಧ ಮುದ್ದೆಯಲ್ಲಿಯೇ ತೃಪ್ತಿ ಸಾಧ್ಯ. ಕಾಯಿ ಗಸಗಸೆಗಳಲ್ಲಿ ಕೊಬ್ಬು ಹೇರಳವಾದುದರಿಂದ ಅವಕ್ಕೂ ಮಿತಿ ಬೇಕು. ಔಷಧಿ ತೆಗೆದುಕೊಳ್ಳುವವರು ಊಟದ ಪ್ರಮಾಣವನ್ನು ಒಮ್ಮೆಗೇ ಇಳಿಸದೆ ವೈದ್ಯರನ್ನು ಕೇಳಿ ನಡೆಯಬೇಕು.

ಪೂರ್ವಿಕರು ಎರಡು ಕಲ್ಲುಗಳನ್ನು ಬೇರೆ ಬೇರೆ ಇಟ್ಟುದರಿಂದ ನಮಗೊಂದು ಅನುಕೂಲ ಒದಗಿದೆ. ಹಿಟ್ಟೂ ಸಾರೂ ಮೊದಲೇ ಬೆರೆತುಹೋಗಿದ್ದರೆ ಒಂದನ್ನು ಬಿಟ್ಟು ಇನ್ನೊಂದನ್ನು ಉಣ್ಣುವ ಸ್ವಾತಂತ್ರ್ಯವೇ ಇರುತ್ತಿರಲಿಲ್ಲ. ಬೇರೆಯಾಗಿರುವುದರಿಂದ, ಮುಂದಿನ ವರ್ಷತೊಡಕಿನ ದಿನ ಮನೆಯ ಹಿರಿಯರಿಗೆ ಮುದ್ದೆಯನ್ನು ಚಿಕ್ಕದಾಗಿ ಕಟ್ಟಿ, ಸಾರನ್ನು ಧಾರಾಳವಾಗಿ ಬಡಿಸಬಹುದು. ಪಂಕ್ತಿಯಲ್ಲಿ ಎಲ್ಲರ ತಟ್ಟೆಗೂ ಬಿದ್ದ ಸಾರು ಅವರ ತಟ್ಟೆಗೂ ಬೀಳಲಿ.